ಯಾರ ಒಲೆಯ ಬೆಂಕಿ

ನಮ್ಮ ಊರಿನಲ್ಲಿ ಯಾರೂ ಅರ್ಧ ರೊಟ್ಟಿ ತಟ್ಟಿ ಎದ್ದುಹೋಗುವುದಿಲ್ಲ. ಹೋದರೆ, ತಿರುಗಿ ಬರುವಷ್ಟರಲ್ಲಿ ಹಿಟ್ಟು ಹಿಟ್ಟಾಗಿ ಡಬ್ಬಿಯಲ್ಲಿ, ನೀರು ನೀರಾಗಿ ತಂಬಿಗೆಯಲ್ಲಿ ಕೂತಿರುತ್ತವೆ. ಗೌಂಡಿಗಳು ಒಂದು ವರಸೆ ಕಲ್ಲು ಇಟ್ಟಾದ ಮೇಲೆ ಕರಣೆಯ ಹಿಡಿಯಿಂದ ಗೋಡೆಗೆ ಮೆಲ್ಲಗೆ ತಟ್ಟಿ, "ಇಲ್ಲಿಗಾತು" ಎಂದ ಮೇಲೆಯೇ ಬೀಡಿ ಹಚ್ಚುತ್ತಾರೆ. ದರ್ಜಿ ಒಂದು ತೋಳು ಹೊಲಿದು, ದಾರ ಕಡಿದು, "ಇಲ್ಲಿಗಾತು" ಅನ್ನುತ್ತಾನೆ. ಹೇಳದೆ ಎದ್ದರೆ ಹೊಲಿಗೆಯೆಲ್ಲ ಬಿಚ್ಚಿಕೊಂಡು ಬಟ್ಟೆ ಮತ್ತೆ ಥಾನಿಗೆ ಸುತ್ತಿಕೊಳ್ಳುತ್ತದೆ. ಒಮ್ಮೆ ಪೇಟೆಯ ಕ್ಷೌರಿಕ ಗೂಳಿಗಳ ಕಾದಾಟ ನೋಡಲು ಅರ್ಧ ಗಡ್ಡ ಬಿಟ್ಟು ಓಡಿದ್ದನಂತೆ. ವಾಪಸ್ಸು ಬಂದಾಗ ಗಿರಾಕಿಯ ಮುಖದ ತುಂಬ ಮೊದಲಿನ ಗಡ್ಡವೇ ಕೂತಿತ್ತು. ಗಿರಾಕಿ ಕನ್ನಡಿ ನೋಡಿಕೊಂಡು, "ಹೋಗ್ಲಿ ಬಿಡಪಾ, ಹೇಣ್ತಿಗೆ ಗುರ್ತರ ಸಿಗತೈತಿ" ಎಂದು ಎದ್ದುಹೋದನಂತೆ.

ನನ್ನನ್ನು ಬೆಳೆಸಿದವಳು ಅಜ್ಜಿ ಬಾಳವ್ವ. ಅವಳ ಕತೆಗಳಿಗೆ ಮೈತುಂಬ ಗಂಟುಗಳಿದ್ದವು. ರಾಜಕುಮಾರಿ ಏಳು ಬಾಗಿಲು ದಾಟಬೇಕಾಗಿದ್ದರೆ, ಒಂದೊಂದು ಬಾಗಿಲಿಗೂ ಅಜ್ಜಿ ಸೆರಗಿನ ಅಂಚಿಗೆ ಒಂದು ಗಂಟು ಹಾಕಿ "ಇಲ್ಲಿಗಾತು" ಅನ್ನುತ್ತಿದ್ದಳು. ಗಂಟು ಬೀಳುವ ಮೊದಲೇ ನನಗೆ ನಿದ್ದೆ ಬಂದು ನನ್ನ "ಹೂಂ" ನಿಂತುಹೋದರೆ, ಬೆಳಿಗ್ಗೆ ಆ ಬಾಗಿಲಿನ ಕತೆ ನನಗೂ ನೆನಪಿರುತ್ತಿರಲಿಲ್ಲ, ಅವಳಿಗೂ. ಹಾಗೆ ಕಳೆದ ಕತೆಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರೆ, "ಶುರು ಆದ ಜಾಗಾಕ್ಕ ಹೋಗ್ತಾವು, ಮತ್ತೆಲ್ಲಿಗೆ?" ಎನ್ನುತ್ತಿದ್ದಳು. ಆ ಜಾಗವನ್ನು ನಾನು ಬಹಳ ಸಲ ಕಣ್ಣಮುಂದೆ ತಂದುಕೊಂಡಿದ್ದೇನೆ. ಅಲ್ಲಿ ರಾಜಕುಮಾರಿಯರೆಲ್ಲ ಮೊದಲ ಬಾಗಿಲಿನ ಎದುರು ಚಪ್ಪಲಿ ಬಿಟ್ಟು ನಿಂತಿರುತ್ತಾರೆ.

ನಾನು ಊರಿನ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು. ಊರಿಗೆ ಯಾರು ಬಂದು ನೆಲೆಸಿದರೂ ಅವರ ಹೆಸರನ್ನು ಡೇಟಾಬೇಸಿಗೆ ಸೇರಿಸುವುದು ನನ್ನ ಕೆಲಸ. ಬಂದು ನೆಲೆಸುವುದೂ ಒಂದು ಕೆಲಸವಲ್ಲವೆ? ಹೆಸರು ದಾಖಲೆಗೆ ಹತ್ತಿದಾಗ ಅದು ಮುಗಿಯುತ್ತದೆ. ಹತ್ತುವಾಗ ತಪ್ಪಿದರೆ, ಇಲ್ಲವೆ ಹತ್ತದೆ ಹೊತ್ತು ಮುಳುಗಿದರೆ, ಬಂದವರು ಹೊರಟ ಜಾಗದಲ್ಲಿ ಮತ್ತೆ ನಿಂತಿರುತ್ತಾರೆ. ಅದಕ್ಕೇ ನಮ್ಮಲ್ಲಿ ಮದುವೆ ಮೆರವಣಿಗೆ ಕಚೇರಿಯ ಮೆಟ್ಟಿಲಿನ ಮೇಲೆಯೇ ಮುಗಿಯುತ್ತದೆ. ಒಂದು ಸಲ ಹೆಸರು ಒತ್ತುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿ, ಮದುಮಗಳು ತಲೆಯ ಮೇಲಿನ ಅಕ್ಕಿಕಾಳಿನ ಸಮೇತ ತವರಿನ ಅಡಿಗೆಮನೆಯಲ್ಲಿ ನಿಂತುಬಿಟ್ಟಳು. ಕರೆಂಟು ಬಂದು ಹೆಸರು ಹತ್ತಿತು ನೋಡಿ, ಅವಳು ಮತ್ತೆ ನಮ್ಮ ಮೆಟ್ಟಿಲಿನ ಮೇಲೆ. ಕೈಯಲ್ಲಿ ಅರ್ಧ ಕಚ್ಚಿದ ಹೋಳಿಗೆ ಬೇರೆ. ಅತ್ತೆಯಾದವಳು ಅದನ್ನು ಇವತ್ತಿಗೂ ಮರೆತಿಲ್ಲ.

ಉಪ್ಪಿನ ಬಯಲಿನವರು ಬಂದದ್ದು ಬಿಸಿಲು ಏರಿದ ಹೊತ್ತಿಗೆ. ಊರಿಗೆ ಊರೇ ಬಂದಿತ್ತು. ಕಡಲು ಅವರ ಬಯಲಿನೊಳಗೆ ದಿನದಿನವೂ ಇಷ್ಟಿಷ್ಟೇ ಹೆಜ್ಜೆ ಇಡುತ್ತಿದೆ, ಇನ್ನು ಅಲ್ಲಿ ಇರುವ ಹಾಗಿಲ್ಲ ಎಂದು ಎಲ್ಲರೂ ಒಟ್ಟಿಗೇ ಹೊರಟಿದ್ದರು. ಹೆಂಗಸರ ಒಂದು ಬಗಲಲ್ಲಿ ಕೂಸು, ಇನ್ನೊಂದರಲ್ಲಿ ಕೆಂಡದ ಗಡಿಗೆ. ಊರ ಹೊರಗಿನ ಜಾಲಿ ಬಯಲಿನಲ್ಲಿ ಇಳಿದು, ಗಡಿಗೆಗಳನ್ನು ಗಾಳಿಗೆ ಮರೆಮಾಡಿ ಇಟ್ಟುಕೊಂಡು ಕೂತರು. ಅವರ ಪರವಾಗಿ ಮಾತಾಡುವವನು ಮೈಲಾರಿ ಎಂಬಾತ. ನಡುವಯಸ್ಸಿನವನು, ಉಪ್ಪು ತಿಂದು ಬೆಳ್ಳಗಾದ ಪಾದ. ಕೊರಳಿಗೆ ದಾರ ಕಟ್ಟಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಪೆನ್‌ಡ್ರೈವ್ ಹಾಕಿಕೊಂಡಿದ್ದ. ಅದರಲ್ಲಿ ಅವರೆಲ್ಲರ ಹೆಸರಿತ್ತು. ಒಲೆ ಒಲೆಗೆ ಹೋಗಿ ಕೇಳಿ ಬರೆದುಕೊಂಡದ್ದು ಅವನೇ. ಅಲ್ಲಿನ ಶಾಲೆಯ ಮಾಸ್ತರರು ಟೈಪು ಮಾಡಿ ಕೊಟ್ಟಿದ್ದರಂತೆ.

"ತಾಳಿ ಹಂಗ ಕಟಗೊಂಡೀಯಲ್ಲೋ," ಎಂದರು ನಮ್ಮ ಸಾಹೇಬರು ಅಂದಾನಪ್ಪ, ಚಹಾದ ಒಂದೊಂದು ಗುಟುಕಿಗೂ "ಇಲ್ಲಿಗಾತು" ಅನ್ನುವ ಮನುಷ್ಯ.

"ಊರ ಐತ್ರಿ ಇದರಾಗ," ಎಂದ ಮೈಲಾರಿ. ನಗಲಿಲ್ಲ.

ನಾನು ಫೈಲನ್ನು ಹಾಕಿ ಇಂಪೋರ್ಟ್ ಒತ್ತಿದೆ. ಪರದೆಯ ಮೇಲೆ ಸಂಖ್ಯೆ ಏರತೊಡಗಿತು. ಕಿಟಕಿಯ ಸರಳುಗಳ ಆಚೆ ಹೆಂಗಸರು, ಮಕ್ಕಳು ಮುಖ ಒತ್ತಿ ನಿಂತಿದ್ದರು. ಓದಲು ಬಾರದವರೂ ಸಂಖ್ಯೆ ಏರುವುದನ್ನು ನೋಡಿ ಒಬ್ಬರಿಗೊಬ್ಬರು ಮೊಣಕೈಯಿಂದ ತಿವಿಯುತ್ತಿದ್ದರು. ಕೊನೆಯ ಹೆಸರಿನ ತನಕ ಹೋಯಿತು. ನಿಂತಿತು. ಒಂದು ಕೆಂಪು ಸಾಲು ಮೂಡಿತು. ಆಮೇಲೆ ಸಂಖ್ಯೆ ಸೊನ್ನೆಯಾಯಿತು.

ನಾನು ತಲೆಯೆತ್ತಿದಾಗ ಕಿಟಕಿಯಲ್ಲಿ ಬರೀ ಬೆಳಕಿತ್ತು. ಎದ್ದು ಜಾಲಿ ಬಯಲಿನವರೆಗೂ ಓಡಿದೆ. ಒಂದು ಹೆಜ್ಜೆಗುರುತೂ ಇರಲಿಲ್ಲ. ಅವರು ನೆರಳಿಗೆಂದು ಮುರಿದಿದ್ದ ಟೊಂಗೆಗಳು ಮತ್ತೆ ಮರಕ್ಕೆ ಕೂಡಿಕೊಂಡಿದ್ದವು, ಕೂತಲ್ಲಿ ತುಳಿದ ಹುಲ್ಲು ಎದ್ದು ನಿಂತಿತ್ತು. ಊರಿನ ಜನ ಅಂಥದ್ದಕ್ಕೆ ಬೆಚ್ಚುವವರಲ್ಲ, ಆದರೂ ಅಂದು ಪೇಟೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ.

ಅವರು ಮತ್ತೆ ನಡೆದು ಬಂದರು. ಮೈಲಾರಿಯ ಧೋತರ ಮೊಣಕಾಲಿನವರೆಗೆ ಒದ್ದೆಯಾಗಿತ್ತು. "ಹಿಂದಕ ಹೋಗಿ ನಿಂತಾಗ ಒಲಿ ಕಟ್ಟೀ ಮ್ಯಾಲ ನೀರಿತ್ತು ತಂಗಿ," ಎಂದ. "ಸಣ್ಣ ಹುಡುಗ್ರನ್ನ ಹೆಗಲ ಮ್ಯಾಲ ಹೊತಗೊಂಡು ಬಂದ್ವಿ. ಇನ್ನೊಮ್ಮೆ ಹೋದ್ರ ಹೆಗಲೂ ಸಾಲಂಗಿಲ್ಲ."

ಅಂದಾನಪ್ಪನವರು ಪರದೆಯನ್ನು ದಿಟ್ಟಿಸಿದರು. "ಫೈಲ್ ದೊಡ್ಡದಾತು, ಮತ್ತೇನಿಲ್ಲ. ಇಡೀ ಗಡಿಗಿ ಅನ್ನ ಒಂದ ತುತ್ತಿಗೆ ನುಂಗು ಅಂದ್ರ ಯಾವ ಮಶೀನ್ ನುಂಗತೈತಿ? ತುಂಡ್ ಮಾಡು."

ಮನೆಯಲ್ಲಿ ಅಜ್ಜಿಗೆ ಹೇಳಿದಾಗ ಅವಳೂ ಅದನ್ನೇ ಹೇಳಿದ್ದಳು. "ಗಂಟ್ ಹಾಕ್ದ ಇಷ್ಟುದ್ದದ ಕತಿ ಯಾರ್ ಹೇಳ್ತಾರ ಕಸ್ತೂರಿ?"

ಆದರೆ ಮೈಲಾರಿ ಒಪ್ಪಲಿಲ್ಲ. ಒಟ್ಟಿಗೆ ಹೊರಟವರು ಒಟ್ಟಿಗೆ ಒಳಗೆ ಬರಬೇಕು, ಅರ್ಧ ಊರು ಇಲ್ಲಿ, ಅರ್ಧ ಊರು ನೀರಿನಲ್ಲಿ ಆದರೆ ಏನು ಗತಿ ಎಂದ. ಕೊನೆಗೆ, "ಹಂಗಿದ್ರ ಮೊದಲ ತುಂಡು ನಂದ ಇರ್ಲಿ. ಕೆಟ್ರ ನಮ್ಮನಿ ಕೆಡ್ಲಿ," ಎಂದು ಹೆಂಡತಿ, ಮಗ, ಸೊಸೆ ಎಲ್ಲರನ್ನೂ ಕರೆದು ನನ್ನ ಎದುರಿಗೆ ಬೆಂಚಿನ ಮೇಲೆ ಕೂರಿಸಿದ. ಸಾಹೇಬರು ಅವನಿಗೆ ಚಹಾ ತರಿಸಿದರು. ಅವನ ಮನೆಯವರ ಹೆಸರನ್ನಷ್ಟೇ ಬೇರೆ ಮಾಡಿ ಒತ್ತಿದೆ. ಏರುವ ಮೊದಲೇ ಕೆಂಪು ಸಾಲು ಬಂತು. ಬೆಂಚು ಖಾಲಿಯಾಯಿತು. ಅವನು ಅರ್ಧ ಕುಡಿದಿದ್ದ ಚಹಾ ಮತ್ತೆ ಲೋಟದ ತುಂಬ ತುಂಬಿಕೊಂಡು, ಮೇಜಿನ ಮೇಲೆ ಹಬೆಯಾಡುತ್ತಿತ್ತು.

ಬಯಲಿನಲ್ಲಿ ಉಳಿದವರ ಅಳು ಕಚೇರಿಯವರೆಗೆ ಕೇಳುತ್ತಿತ್ತು. ಹೊತ್ತು ಮುಳುಗಿದಾಗ ಅದೂ ನಿಂತಿತು. ಅವರೂ ಹೋಗಿದ್ದರು.

ಆದರೆ ಸಣ್ಣ ತುಂಡಿನಿಂದ ಒಂದು ಉಪಕಾರವಾಯಿತು. ದೊಡ್ಡ ಫೈಲಿನ ಕೆಂಪು ಸಾಲು ಬರೀ "ಆಗಲಿಲ್ಲ" ಎಂದಿತ್ತು. ಇದು ಯಾಕೆಂದೂ ಹೇಳಿತ್ತು: ಮೈಲಾರಿ ಯಾರ ಕಡೆಯವನೋ ಅವರ ಹೆಸರು ದಾಖಲೆಯಲ್ಲಿ ಇಲ್ಲ. ನಮ್ಮ ಡೇಟಾಬೇಸಿನಲ್ಲಿ "ಯಾರ ಕಡೆಯವರು" ಎಂದು ಒಂದು ಕಲಂ ಇದೆ. ಮಗಳು ತಾಯಿಯ ಹೆಸರು ಹೇಳುತ್ತಾಳೆ, ತಮ್ಮ ಅಣ್ಣನ ಹೆಸರು ಹೇಳುತ್ತಾನೆ, ಮನೆಯ ಹಿರಿಯರು "ಸ್ವಂತ" ಎನ್ನುತ್ತಾರೆ. ಹೇಳಿದ ಹೆಸರಿನವರು ಮೊದಲೇ ಒಳಗಿರಬೇಕು. ಇಲ್ಲದಿದ್ದರೆ ಮಶೀನು ಈ ಹೆಸರನ್ನು ಬದಿಗಿಟ್ಟು, ಅವರು ಬರುವವರೆಗೆ ಕಾಯುತ್ತದೆ. ಆಗ ನನಗೆ ತಿಳಿಯಿತು. ಮೊದಲ ದಿನ ಪರದೆಯ ಮೇಲೆ ಏರುತ್ತಿದ್ದದ್ದು ಒಳಗೆ ಬಂದವರ ಸಂಖ್ಯೆಯಲ್ಲ, ಬಾಗಿಲಿನಲ್ಲಿ ಕಾಯುತ್ತಿದ್ದವರ ಸಂಖ್ಯೆ. ಎಲ್ಲರೂ ಕಾಯುತ್ತಿದ್ದರು. ಯಾರಿಗಾಗಿ?

ಮೂರನೆಯ ಸಲ ಬಂದಾಗ ಗಂಡಸರು ಎದೆಯವರೆಗೆ ತೊಯ್ದಿದ್ದರು, ಮಕ್ಕಳು, ಮುದುಕರು ಅವರ ಹೆಗಲ ಮೇಲೆ ಬಂದಿದ್ದರು. ಎಷ್ಟೋ ಗಡಿಗೆಗಳಲ್ಲಿ ಕೆಂಡ ಆರಿಹೋಗಿತ್ತು. ಕೂಸುಗಳು ಅಳುವುದನ್ನೂ ಬಿಟ್ಟಿದ್ದವು. ಅಜ್ಜಿ ತಾಳಲಾರದೆ ನಮ್ಮ ಒಲೆಯಿಂದ ಒಂದು ಕೆಂಡವನ್ನು ಇಕ್ಕಳದಲ್ಲಿ ಹಿಡಿದು ಬಯಲಿಗೆ ಹೋಗಿ, ಬಾಣಂತಿಯೊಬ್ಬಳ ಗಡಿಗೆಗೆ ಹಾಕಿ ಬಂದಳು. ಮನೆಗೆ ತಿರುಗಿ ಬಂದು ನೋಡಿದರೆ ಆ ಕೆಂಡ ನಮ್ಮ ಒಲೆಯಲ್ಲೇ ಇತ್ತು. "ಒಳಗ ಬರದವ್ರಿಗೆ ಕೊಟ್ಟಿದ್ದು ಕೊಟ್ಟಂಗ ಆಗಲಿಲ್ಲ ನೋಡು," ಎಂದು ಹೊಸ್ತಿಲ ಮೇಲೆ ಕುಕ್ಕರಿಸಿದಳು. ಅವಳು ಅಷ್ಟು ಸೋತು ಕೂತದ್ದನ್ನು ನಾನು ನೋಡಿರಲಿಲ್ಲ.

ನಾನು ಬಯಲಿಗೆ ಹೋಗಿ ಮೈಲಾರಿಯ ಪಕ್ಕದಲ್ಲಿ ಕೂತು ಕೇಳಿದೆ. "ಯಾರ ಕಡೆಯವರು ಅಂತ ಬರೆಯೋ ಜಾಗದಾಗ ಏನ್ ಬರದಿ ಅಣ್ಣಾ?"

"ಯಾರ ಒಲಿ ಬೆಂಕಿ ಅಂತ ಕೇಳಿ, ಅವರ ಹೆಸರು ಬರದೆ," ಎಂದ. ಅದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ ನೋಡಿದ. ಅವರಲ್ಲಿ ಹೊಸ ಒಲೆ ಹೂಡುವವರು ಇನ್ನೊಬ್ಬರ ಒಲೆಯಿಂದ ಕೆಂಡ ತರುತ್ತಾರೆ. ತಂದೆಯಿಂದಲೇ ಎಂದಿಲ್ಲ, ನೆರೆಯವರಾದರೂ ಸರಿ. ಯಾರ ಕೆಂಡವೋ ಸಾಯುವ ತನಕ ಅವರ ಕಡೆಯವರು.

"ಸ್ವಂತ ಅಂತ ಒಬ್ಬರೂ ಬರಸಲಿಲ್ಲೇನು?"

ಮೈಲಾರಿ ಸುತ್ತ ನೋಡಿ ದನಿ ಇಳಿಸಿದ. "ಹಂಗ ಅನಬಾರ್ದು ತಂಗಿ. ಬೆಂಕಿ ಯಾರ ಸ್ವಂತದ್ದೂ ಅಲ್ಲ. ಇಸಗೊಂಡಿದ್ದು. 'ಬೆಂಕಿ ನಂದು' ಅಂದವ್ರು ತಮ್ಮ ಒಲಿ ತಾವ ಆರಿಸ್ಕೊಬೇಕು. ಬಯಲಿನವರು ಯಾರೂ ಅವರಿಗೆ ಕೆಂಡ ಕೊಡಂಗಿಲ್ಲ, ಬಿಸಿದು ಉಣ್ಣಾಕ ಕೊಡಂಗಿಲ್ಲ. ನಮ್ಮ ಮುತ್ಯಾನ ಕಾಲಕ್ಕ ಒಬ್ಬಾಂವ ಅಂದಿದ್ನಂತ. ತಣ್ಣನ್ನ ಉಂಡು ಉಂಡು ಸತ್ತ."

ನಾನು ಕಚೇರಿಗೆ ಬಂದು ಫೈಲನ್ನು ತೆರೆದು ಕೂತೆ. ಮೈಲಾರಿಯ ಕೆಂಡ ಅವನ ಸೋದರತ್ತೆಯದು. ಅವಳದು ಒಬ್ಬ ಮುದುಕನದು. ಮುದುಕನದು ದ್ಯಾಮವ್ವ ಎಂಬವಳದು. ಬೇರೆ ಯಾರ ಹೆಸರು ಹಿಡಿದು ಹೊರಟರೂ ದಾರಿ ಅಲ್ಲಿಗೇ ಏರುತ್ತಿತ್ತು, ಇಲ್ಲವೆ ಸಕ್ರೆವ್ವ ಎಂಬ ಇನ್ನೊಬ್ಬಳ ಹತ್ತಿರಕ್ಕೆ. ಕೊಟ್ಟವರು ಮೇಲೆ, ಇಸಕೊಂಡವರು ಕೆಳಗೆ ಬರುವ ಹಾಗೆ ಇಡೀ ಫೈಲನ್ನು ಜೋಡಿಸಿದೆ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಎಲ್ಲಕ್ಕಿಂತ ಮೇಲೆ ಎರಡೇ ಸಾಲು ಉಳಿದವು. ದ್ಯಾಮವ್ವ, ಸಕ್ರೆವ್ವನ ಕಡೆಯವಳು. ಸಕ್ರೆವ್ವ, ದ್ಯಾಮವ್ವನ ಕಡೆಯವಳು.

ಯಾರನ್ನು ಮೊದಲು ತರಲಿ? ಬಾಗಿಲಿನಲ್ಲಿ ಇಬ್ಬರು ಮುದುಕಿಯರು ನಿಂತು "ನೀನು ಮೊದಲು ಹೋಗು", "ಇಲ್ಲ, ನೀನು ಮೊದಲು" ಎನ್ನುತ್ತಿದ್ದರು. ಅವರ ಬೆನ್ನ ಹಿಂದೆ ಒಂದು ಊರು ಕಾಯುತ್ತಿತ್ತು. ಆ ಊರಿನ ಬೆನ್ನ ಹಿಂದೆ ಕಡಲು.

"ಒಬ್ಬಾಕಿಗೆ ಸ್ವಂತ ಅಂತ ಹಾಕಿಬಿಡು, ಯಾರ್ ನೋಡ್ತಾರ," ಎಂದರು ಅಂದಾನಪ್ಪನವರು. ಹಾಗೆ ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು. "ಸ್ವಂತ" ಎನ್ನುವವರು ಬಾಯಿಬಿಟ್ಟು ಹೇಳಿ, ಹೆಬ್ಬೆಟ್ಟು ಒತ್ತಬೇಕು. ಹೇಳಿದ್ದು ಖರೆಯೂ ಆಗಿರಬೇಕು. ಸುಳ್ಳು ಹೇಳಿ ಮಾಡಿದ್ದು ನಮ್ಮ ಊರಿನಲ್ಲಿ ಮುಗಿದ ಕೆಲಸವಲ್ಲ.

ಇಬ್ಬರೂ ಒಂದೇ ಜಾಲಿ ಮರದ ಕೆಳಗೆ ಕೂತಿದ್ದರು, ಬೆನ್ನಿಗೆ ಬೆನ್ನು ತಿರುಗಿಸಿಕೊಂಡು. ಸಕ್ರೆವ್ವ ಎತ್ತರದ ಗಟ್ಟಿ ಮುದುಕಿ. ದ್ಯಾಮವ್ವ ಹಿಡಿಯಷ್ಟು, ಹಕ್ಕಿಯ ಹಾಗೆ. ಇಬ್ಬರ ತೊಡೆಯ ಮೇಲೂ ಗಡಿಗೆ, ಎರಡರಲ್ಲೂ ಕೆಂಡ ಜೀವಂತ. ಅವರು ಮಾತು ಬಿಟ್ಟದ್ದು ಯಾಕೆಂದು ಯಾರಿಗೂ ತಿಳಿಯದು, ತನಗೆ ಬುದ್ಧಿ ಬಂದಾಗಿನಿಂದ ಹೀಗೇ ಇದ್ದಾರೆ ಎಂದ ಮೈಲಾರಿ. ಹಿಂದೊಮ್ಮೆ, ಇವರಿಬ್ಬರೂ ಹರೆಯದವರಿದ್ದಾಗ, ದೊಡ್ಡ ಅಲೆಯೊಂದು ಬಂದು ಬಯಲಿನ ಒಲೆಗಳೆಲ್ಲ ಒಂದೇ ರಾತ್ರಿಯಲ್ಲಿ ಆರಿದ್ದವಂತೆ. ಬೆಳಿಗ್ಗೆ ಎದ್ದವರಿಗೆ ಹೊಗೆ ಕಂಡದ್ದು ಇವರ ಎರಡು ಗುಡಿಸಲುಗಳಿಂದ ಮಾತ್ರ. ಎಲ್ಲರೂ ಅಲ್ಲಿಂದಲೇ ಕೆಂಡ ಒಯ್ದದ್ದು.

"ನಿಮ್ಮದು ಯಾರ ಒಲಿ ಬೆಂಕಿ ಆಯಿ?" ಎಂದು ಕೇಳಿದೆ.

"ಆಕೀದು," ಎಂದಳು ದ್ಯಾಮವ್ವ, ತಲೆಯಿಂದ ಹಿಂದಕ್ಕೆ ತೋರಿಸಿ.

"ಆಕೀದು," ಎಂದಳು ಸಕ್ರೆವ್ವ, ಕಣ್ಣು ಮುಚ್ಚಿಕೊಂಡೇ.

"ಇಬ್ಬರದೂ ಖರೆ ಆಗೂದ ಹೆಂಗ?"

ನಾನು ಕಂಪ್ಯೂಟರಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಒಬ್ಬರು ಮೊದಲು ಒಳಗೆ ಬಾರದಿದ್ದರೆ ಯಾರೂ ಬರುವಂತಿಲ್ಲ, ಹೊತ್ತು ಮುಳುಗಿದರೆ ಮತ್ತೆ ಎಲ್ಲರೂ ನೀರಿನಲ್ಲಿ ಎಂದೆ. ಮರದ ಸುತ್ತ ಜನ ಸೇರಿದ್ದರು. ನೀವು ಹೇಳಿ ಎಂದು ಆ ಇಬ್ಬರನ್ನು ಒತ್ತಾಯಿಸುವ ಹಾಗೂ ಇರಲಿಲ್ಲ ಅವರಿಗೆ. ಒಬ್ಬ ಮುದುಕಿಗೆ ಸಾಯುವ ತನಕ ತಣ್ಣನ್ನ ಉಣ್ಣು ಎಂದು ಯಾರು ತಾನೇ ಬಾಯಿಬಿಟ್ಟು ಹೇಳುತ್ತಾರೆ?

ಮೊದಲು ಎದ್ದವಳು ದ್ಯಾಮವ್ವ. ಗಡಿಗೆಯನ್ನು ಬಗಲಿಗೆ ಏರಿಸಿಕೊಂಡು, ನನ್ನ ಮುಂದೆಯೇ ಟುಕುಟುಕು ನಡೆದು ಕಚೇರಿ ಸೇರಿದಳು. ಸಕ್ರೆವ್ವ ದೂರದಿಂದ ಹಿಂಬಾಲಿಸಿ ಮೆಟ್ಟಿಲಿನ ಮೇಲೆ ಕೂತಳು, ಒಳಗೆ ಬರಲಿಲ್ಲ.

"ಬರಿ. ಬೆಂಕಿ ನಂದು," ಎಂದಳು ದ್ಯಾಮವ್ವ. ಕಿಟಕಿಯಲ್ಲಿದ್ದವರು ತಮ್ಮ ಗಡಿಗೆಗಳನ್ನು ಸೆರಗಿನಿಂದ ಮುಚ್ಚಿಕೊಂಡರು. ಅವಳು ಹೆಬ್ಬೆಟ್ಟನ್ನು ಒತ್ತಿದಳು. ಪರದೆಯ ಮೇಲೆ ಒಂದು ಎಂದು ಮೂಡಿತು. ದ್ಯಾಮವ್ವ ಅದನ್ನು ನೋಡಿ, ಆಟ ಗೆದ್ದ ಹುಡುಗಿಯ ಹಾಗೆ ನಕ್ಕಳು. ಒಂದು, ಸೊನ್ನೆಯಾಯಿತು. ನನ್ನ ಎದುರಿಗಿನ ಕುರ್ಚಿ ಖಾಲಿಯಾಯಿತು.

ಹೊರಗಿನಿಂದ ಸಕ್ರೆವ್ವನ ದನಿ ಕೇಳಿತು. "ಎಲ್ಲಿ ಆಕಿ?"

ಕಿಟಕಿಯಲ್ಲಿದ್ದವರು ಮೈಲಾರಿಯ ಕಡೆ ತಿರುಗಿದರು.

"ಮೈಲಾರಿ, ಎಲ್ಲಿ ಹೋದಳು ಆಕಿ?"

"ಬಯಲಿಗೆ," ಎಂದ ಮೈಲಾರಿ. "ಮುಂಜಾನೆ ನನಗ ಎದಿ ಮಟ ಇತ್ತು ಯವ್ವಾ, ನೀರು."

ಅವನ ಎದೆಯ ಎತ್ತರ ದ್ಯಾಮವ್ವನ ನೆತ್ತಿಗಿಂತ ಮೇಲಿತ್ತು. ಅದನ್ನು ಯಾರೂ ಅಳೆದು ಹೇಳಬೇಕಾಗಿರಲಿಲ್ಲ. ಸಕ್ರೆವ್ವ ಎದ್ದು ಒಳಗೆ ಬಂದಳು. ಅಷ್ಟು ಎತ್ತರದ ಮುದುಕಿ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡು ಬಂದಳು. ಗಡಿಗೆಯನ್ನು ಮೇಜಿನ ಮೇಲೆ ಇಟ್ಟಳು.

"ಆ ರಾತ್ರಿ ಎಲ್ಲಾ ಆರಿತ್ತು," ಎಂದಳು. ನನಗಲ್ಲ, ಕಿಟಕಿಯ ಕಡೆಗೆ. "ಆಕೀ ಕೂಸಿಗೆ ಥಂಡಿ ಹಿಡದು ನೀಲಿ ಆಗಿತ್ತು. ಕಲ್ಲಿಗೆ ಕಲ್ಲು ಬಡದು ನಾನ ಮಾಡಿದೆ ಬೆಂಕಿ. ಯಾರ ಒಲೀದೂ ಅಲ್ಲ. ಮುಂಜಾನೆ ಮಂದಿ ಬಂದು ಕೇಳಿದ್ರು, ಅಂಜಿ ದ್ಯಾಮೀದು ಅಂದೆ. ಆಕಿ ಅಲ್ಲೇ ನಿಂತಿದ್ಲು. ಅಲ್ಲ ಅನಲಿಲ್ಲ. ಮಾತಾಡಿದ್ರ ಅದ ಮಾತು ಬರತೈತಿ ಅಂತ ಆವತ್ತಿಂದ ಇಬ್ರೂ ಮಾತ ಬಿಟ್ವಿ." ಆಮೇಲೆ ನನ್ನ ಕಡೆ ತಿರುಗಿದಳು. "ಬೆಂಕಿ ನಂದು. ಬರಕೋ ಲಗೂನ."

ಹೆಬ್ಬೆಟ್ಟು ಒತ್ತಿದಳು. ಮಶೀನು ತೆಗೆದುಕೊಳ್ಳಲಿಲ್ಲ. ಮತ್ತೆ ಒತ್ತಿದಳು. ಉಪ್ಪು ಕೆರೆದೂ ಕೆರೆದೂ ಅವಳ ಬೆರಳು ನದಿಯ ಕಲ್ಲಿನ ಹಾಗೆ ನುಣ್ಣಗಾಗಿತ್ತು, ಗೆರೆಯೇ ಇರಲಿಲ್ಲ. "ಒರಸು, ಒರಸು," ಎಂದು ಅಂದಾನಪ್ಪನವರು ತಮ್ಮ ಟವೆಲ್ಲನ್ನೇ ಕೊಟ್ಟರು. ಆಗಲಿಲ್ಲ. ನಾನು ಅವಳ ಬೆರಳನ್ನು ಹಿಡಿದು ನನ್ನ ತಲೆಗೂದಲಿಗೆ ತಿಕ್ಕಿದೆ. ಬೆಳಿಗ್ಗೆ ಅಜ್ಜಿ ಹಚ್ಚಿದ ಎಣ್ಣೆ ಇನ್ನೂ ಇತ್ತು. ಗಾಜಿನ ಮೇಲಿಟ್ಟು ನನ್ನ ಬೆರಳಿನಿಂದ ಅದುಮಿದೆ. ಹಸಿರು ದೀಪ ಹತ್ತಿತು.

ಒಂದು ಎಂದು ಮೂಡಿತು. ನಾನು ಕಣ್ಣು ಪಿಳುಕಿಸದೆ ನೋಡಿದೆ. ಒಂದು ಒಂದಾಗಿಯೇ ಉಳಿಯಿತು. "ಇಲ್ಲಿಗಾತು," ಎಂದೆ. ಎರಡನೆಯ ಹೆಸರನ್ನು ಒತ್ತಿದೆ.

ಮೆಟ್ಟಿಲಿನ ಮೇಲೆ ದೊಪ್ಪೆಂದು ಶಬ್ದವಾಯಿತು. ದ್ಯಾಮವ್ವ ಮೊಣಕಾಲೂರಿ ಕೂತು ಕೆಮ್ಮುತ್ತಿದ್ದಳು. ಕೂದಲು ಬಿಚ್ಚಿ ಮುಖಕ್ಕೆ ಅಂಟಿತ್ತು, ಮೂಗಿನಿಂದ ನೀರು ಸುರಿಯುತ್ತಿತ್ತು. ಗಡಿಗೆಯನ್ನು ಮಾತ್ರ ಬಿಟ್ಟಿರಲಿಲ್ಲ, ಅದರ ತುಂಬ ಕಡಲಿನ ನೀರು. ಸಕ್ರೆವ್ವ ಓಡಿಹೋಗಿ ಅವಳ ಬೆನ್ನಿಗೆ ಗುದ್ದತೊಡಗಿದಳು. ಕಕ್ಕಿಸುವುದಕ್ಕೋ ಸಿಟ್ಟಿಗೋ, ಎರಡೂ ಇದ್ದಿರಬೇಕು.

"ಹುಚ್ಚಿ! ಈಸಾಕ ಬರ್ತದೇನ ನಿನಗ?"

"ನಿನಗ ಬರ್ತದೇನು?" ಎಂದಳು ದ್ಯಾಮವ್ವ, ಕೆಮ್ಮಿನ ನಡುವೆ.

ಆ ಅಲೆಯ ರಾತ್ರಿಯ ಮೇಲೆ ಅವರು ಆಡಿದ ಮೊದಲ ಮಾತು ಅದು. ಕೇಳುತ್ತ ನಿಲ್ಲಲು ನನಗೆ ಹೊತ್ತಿರಲಿಲ್ಲ. ದ್ಯಾಮವ್ವನಿಂದ ಕೆಂಡ ಇಸಕೊಂಡವರು, ಸಕ್ರೆವ್ವನಿಂದ ಇಸಕೊಂಡವರು, ಅವರಿಂದ ಇಸಕೊಂಡವರು, ಹೀಗೆ ತಲೆಮಾರು ತಲೆಮಾರಾಗಿ ಕೂಡಿಸುತ್ತ ಹೋದೆ. ಒಂದೊಂದು ತುಂಡಿಗೂ ಓಣಿಯ ಹೆಂಗಸರು ಕಿಟಕಿಯಾಚೆ "ಇಲ್ಲಿಗಾತು" ಅನ್ನುತ್ತ ಹೋದರು. ಮೊದಮೊದಲು ಬಯಲಿನವರಿಗೆ ಆ ಮಾತು ಹೊಸದು. ಮೈಲಾರಿಯ ಮನೆಯವರ ತುಂಡು ಬರುವ ಹೊತ್ತಿಗೆ ಅವರೂ ಕಲಿತಿದ್ದರು. ಕೊನೆಯ ಹೆಸರು ಆ ಬಾಣಂತಿಯ ಹಸುಗೂಸಿನದು. ಅದಕ್ಕಿನ್ನೂ ಹೆಸರಿಟ್ಟಿರಲಿಲ್ಲ, "ಕೂಸು" ಎಂದೇ ಬರೆದೆ. ಹೊತ್ತು ಮುಳುಗಿತು. ಮೈಲಾರಿ ಬಯಲಿನಲ್ಲಿ ನಿಂತು ತನ್ನ ಹೆಜ್ಜೆಯ ಗುರುತನ್ನು ನೋಡಿಕೊಂಡ. ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡಿದ. ಇತ್ತು. ಅಷ್ಟೆತ್ತರದ ಗಂಡಸು ಮಣ್ಣಿನಲ್ಲಿ ಕುಸಿದು ಕೂತು, ಆ ಗುರುತಿನ ಮೇಲೆ ಅಂಗೈ ಇಟ್ಟುಕೊಂಡ.

ಬಯಲಿನಲ್ಲಿ ಒಲೆಗಳು ಹತ್ತಿದವು. ಆರಿದ ಗಡಿಗೆಯವರು ಆರದ ಗಡಿಗೆಯವರಿಂದ ಕೆಂಡ ಇಸಕೊಂಡರು. ಹೊಗೆ ಎದ್ದಿತು. ಆಗ ಸಕ್ರೆವ್ವ ತನ್ನ ಗಡಿಗೆಯನ್ನು ಎಲ್ಲರೆದುರು ನೆಲಕ್ಕಿಟ್ಟಳು. ದ್ಯಾಮವ್ವನ ಗಡಿಗೆಯನ್ನು ಅವಳ ಕೈಯಿಂದ ಬಿಡಿಸಿಕೊಂಡು, ಅದರಲ್ಲಿದ್ದ ಕಡಲಿನ ನೀರನ್ನು ತನ್ನ ಕೆಂಡದ ಮೇಲೆ ಸುರಿದಳು. ಚೊಯ್ ಎಂದಿತು. ಎಲ್ಲರೂ ತಮ್ಮ ತಮ್ಮ ಒಲೆಯ ಮುಂದೆ ತಲೆ ಬಗ್ಗಿಸಿ ನಿಂತರು. ಯಾರೂ ಅವಳನ್ನು ಬೈಯಲಿಲ್ಲ. ಯಾರೂ ಕೆಂಡವನ್ನೂ ಕೊಡಲಿಲ್ಲ. ಮೈಲಾರಿಯ ಹೆಂಡತಿ ಅಳುತ್ತ ಒಂದು ರೊಟ್ಟಿಯನ್ನು ಬಹಳ ಹೊತ್ತು ಗಾಳಿಗೆ ಹಿಡಿದು ಆರಿಸಿ, ಆಮೇಲೆ ತಂದು ಅವಳ ಮುಂದೆ ಇಟ್ಟಳು. ದ್ಯಾಮವ್ವನಿಗೆ ಬಿಸಿ ರೊಟ್ಟಿ ಕೊಟ್ಟರೆ, ಅದು ಆರುವ ತನಕ ಮುಟ್ಟಲಿಲ್ಲ.

ಅಜ್ಜಿ ಇದನ್ನೆಲ್ಲ ನನ್ನ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ಬಾ," ಎಂದು ನನ್ನ ಕೈ ಹಿಡಿದು ಎಳೆದುಕೊಂಡು ಮನೆಗೆ ಹೋದಳು. ಬೆಳಿಗ್ಗೆ ತಿರುಗಿ ಬಂದಿತ್ತಲ್ಲ, ಅದೇ ಕೆಂಡವನ್ನು ಇಕ್ಕಳದಲ್ಲಿ ಹಿಡಿದು ನನ್ನ ಕೈಗೆ ಕೊಟ್ಟಳು. "ಬಯಲಿನವ್ರು ಕೊಡಬಾರ್ದು ಅಂತ ಐತಿ. ನಾವ್ ಬಯಲಿನವ್ರೇನು? ನಡಿ."

ಸಕ್ರೆವ್ವ ಕೆಂಡವನ್ನು ನೋಡಿದಳು. ಮುಟ್ಟಲಿಲ್ಲ. "ಯಾರ ಒಲೀದು?"

"ನಂದಲ್ಲ," ಎಂದಳು ಅಜ್ಜಿ. "ನಮ್ಮತ್ತೀದು. ಆಕೀಗೆ ಆಕೀ ಅತ್ತಿ ಕೊಟ್ಟಿದ್ಲು. ಅದರ ಹಿಂದಿಂದು ಕೇಳಬ್ಯಾಡ, ನನಗ ಗೊತ್ತಿಲ್ಲ."

ಸಕ್ರೆವ್ವ ಸುತ್ತಲಿನ ಒಲೆಗಳನ್ನು ನೋಡಿದಳು. ಯಾರೂ ಬೇಡ ಎನ್ನಲಿಲ್ಲ. ಮೈಲಾರಿ ಮೂರು ಕಲ್ಲು ತಂದು ಅವಳ ಮುಂದೆ ಹೂಡಿ ಸರಿದ.

"ಹಂಗಾದ್ರ ಕಂಪ್ಯೂಟರಿನಾಗ ತಿದ್ದಲೇನು ಆಯಿ?" ಎಂದು ಕೇಳಿದೆ. "ಸ್ವಂತ ಅನ್ನೂದನ್ನ ತಗದು, ಬಾಳವ್ವನ ಕಡೆಯವರು ಅಂತ?"

"ಬ್ಯಾಡ," ಎಂದಳು ಸಕ್ರೆವ್ವ. "ಬರದಿದ್ದು ಇರ್ಲಿ. ಖರೆ ಐತಿ." ಎಂದು ಕೆಂಡವನ್ನು ಕಲ್ಲುಗಳ ನಡುವೆ ಇಟ್ಟು, ಬಗ್ಗಿ ಊದತೊಡಗಿದಳು. ಹೊಗೆ ಅವಳ ಕಣ್ಣಿಗೆ ಹೋಯಿತು. ಬಹಳ ಹೊತ್ತು ಒರೆಸಿಕೊಂಡಳು.

ನಾವು ಮನೆಗೆ ಹೊರಡುವಾಗ ಇಬ್ಬರೂ ಆ ಒಲೆಯ ಮುಂದೆ ಕೂತಿದ್ದರು, ಈ ಸಲ ಎದುರುಬದುರಾಗಿ. ಆ ಅಲೆಯ ರಾತ್ರಿಯಿಂದ ಶುರುಮಾಡಿದ್ದರು. ನಡುನಡುವೆ ಜಗಳ, ಮತ್ತೆ ಮಾತು. ಅಷ್ಟು ವರ್ಷಗಳ ಮಾತು ಒಂದು ಸಂಜೆಗೆ ಮುಗಿಯುವಂಥದ್ದಲ್ಲ. ಹೇಳುತ್ತ ಹೇಳುತ್ತಲೇ ಸಕ್ರೆವ್ವನ ತಲೆ ವಾಲಿತು. ನಾನು ಅಜ್ಜಿಯ ಕೈ ಹಿಡಿದೆಳೆದೆ. "ಅಜ್ಜೀ, ಗಂಟು ಹಾಕಲಿಲ್ಲ ಅವರು. ಇಲ್ಲಿಗಾತು ಅನಲಿಲ್ಲ. ನಾಳೆ ಒಂದೂ ನೆನಪಿರೂದಿಲ್ಲ."

ಅಜ್ಜಿ ನಿಂತು, ತಿರುಗಿ ನೋಡಿದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ನಡೆದಳು.

ಬೆಳಗಾಗುತ್ತಲೇ ನಾನು ಬಯಲಿಗೆ ಓಡಿದೆ. ಹೆಜ್ಜೆಗಳೆಲ್ಲ ಇದ್ದವು. ಮುರಿದ ಟೊಂಗೆ ಮುರಿದೇ ಇತ್ತು. ಮೂರು ಕಲ್ಲಿನ ನಡುವೆ ನಮ್ಮ ಕೆಂಡ ಬೂದಿಯ ಒಳಗೆ ಕೆಂಪಗಿತ್ತು. ದ್ಯಾಮವ್ವ ಆಗಲೇ ಎದ್ದು ಜಾಲಿಯ ಪುಳ್ಳೆ ಮುರಿಯುತ್ತಿದ್ದಳು. ಸಕ್ರೆವ್ವ ಕಣ್ಣು ಬಿಟ್ಟು, ತಾನು ಎಲ್ಲಿದ್ದೇನೆಂದು ಒಂದು ಕ್ಷಣ ತಡಕಾಡಿದಳು. ದ್ಯಾಮವ್ವ ಒಂದು ಪುಳ್ಳೆಯನ್ನು ಒಲೆಗೆ ತಳ್ಳಿ, ಅವಳ ಮುಖ ನೋಡದೆಯೇ, "ಹೂಂ," ಎಂದಳು. "ಆಮ್ಯಾಲ?"